ಲೆಕ್ಕವೂ ಲೋಹವೂ

(ಯಂತ್ರನಿಯಂತ್ರಣಶಾಸ್ತ್ರವನ್ನು ಬಹುಕಾಲ ಬೋಧಿಸಿ ವಿಶ್ರಾಂತರಾಗಿರುವ ಗುರುಗಳಿಗೂ, ಗಣಕವಿಜ್ಞಾನವನ್ನು ಓದಿ ಈಗ ಮೋಟಾರು ವಾಹನಗಳ ಬ್ರೇಕನ್ನು ನಿಯಂತ್ರಿಸುವ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿರುವ ಅವರ ಹಳೆಯ ಶಿಷ್ಯೆಗೂ ನಡೆದ ಸಂವಾದ.)

ಶಿಷ್ಯೆ — ಮೇಷ್ಟ್ರೇ, ಗಣಕವಿಜ್ಞಾನವನ್ನು ನನಗೆ ಕಲಿಸಿದವರು ಒಂದು ಮಾತನ್ನು ಮನಸ್ಸಿನಲ್ಲಿ ಭದ್ರವಾಗಿ ನಿಲ್ಲಿಸಿದ್ದರು. ಪ್ರೋಗ್ರಾಂ ಎಂಬುದು ಗಣಿತದ ವಸ್ತು. ಕೊಟ್ಟ ಸಂಖ್ಯೆಗಳಿಂದ ಬರಬೇಕಾದ ಸಂಖ್ಯೆಗಳನ್ನು ಅದು ತಪ್ಪದೆ ಕೊಡುವುದೆಂದು ಒಮ್ಮೆ ಸಾಧಿಸಿ ತೋರಿಸಿದ ಮೇಲೆ, ಅದು ಯಾವ ಯಂತ್ರದಲ್ಲಿ, ಯಾವ ಊರಿನಲ್ಲಿ, ಯಾವ ಗಳಿಗೆಯಲ್ಲಿ ನಡೆದರೂ ಸರಿಯಾದದ್ದೇ ಎಂದು. ಈಗ ಬ್ರೇಕಿನ ಕೆಲಸಕ್ಕೆ ಬಂದಿದ್ದೇನೆ. ನನ್ನ ಜೊತೆಯ ಎಂಜಿನಿಯರುಗಳು, ವಾಹನಕ್ಕೆ ಹಾಕಿ ಓಡಿಸಿ ನೋಡದೆ ಇದು ಸರಿಯೆಂದಾಗಲಿ ತಪ್ಪೆಂದಾಗಲಿ ಹೇಳಲು ಬರುವುದಿಲ್ಲವೆನ್ನುತ್ತಾರೆ. ಈ ಅನಿಶ್ಚಯ ಅವರ ಶಾಸ್ತ್ರದ ಕೊರತೆಯೋ, ನನ್ನ ಶಾಸ್ತ್ರದ್ದೋ?

ಗುರು — ನಿನ್ನ ಶಾಸ್ತ್ರದ ಬಲವೇ ಈ ಎಡೆಯಲ್ಲಿ ಅದರ ಕೊರತೆಯಾಗಿ ಕಾಣಿಸುತ್ತಿದೆ, ಅಮ್ಮ. ಗಣಕದ ಚಿಂತನೆಯಿಂದ ಕಾಲವನ್ನು ಹೊರಗಿಟ್ಟುದರಿಂದಲೇ ನಿನ್ನ ಪೂರ್ವಸೂರಿಗಳು ಆ ಶಾಸ್ತ್ರವನ್ನು ಇಷ್ಟು ಎತ್ತರಕ್ಕೆ ಕಟ್ಟಲು ಸಮರ್ಥರಾದರು. ಬ್ಯಾಂಕಿನ ಬಡ್ಡಿಯ ಲೆಕ್ಕ ಒಂದು ಸೆಕೆಂಡಿನಲ್ಲಿ ಮುಗಿದರೂ ಹತ್ತು ಸೆಕೆಂಡಿನಲ್ಲಿ ಮುಗಿದರೂ ಬಡ್ಡಿ ಅಷ್ಟೇ. ಆದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗುತ್ತದೆ. ಸೆಕೆಂಡಿನ ನೂರರಲ್ಲೊಂದು ಭಾಗ ನಿನ್ನ ಪ್ರೋಗ್ರಾಂ ತಡಮಾಡಿತೆಂದರೆ, ಅದರ ಉತ್ತರ ಸಿದ್ಧವಾಗುವ ಹೊತ್ತಿಗೆ ಪ್ರಶ್ನೆ 28 ಸೆಂಟಿಮೀಟರ್ ಮುಂದೆ ಸರಿದುಹೋಗಿರುತ್ತದೆ. ಚಕ್ರ ಉರುಳುವುದನ್ನು ನಿಲ್ಲಿಸಿ ಜಾರತೊಡಗುವ ಕ್ಷಣಕ್ಕೆ ಮೊದಲು ಬಂದರೆ ಸರಿಯೆನಿಸುವ ಸಂಖ್ಯೆಯೇ, ಒಂದು ಅಂಕಿಯೂ ಬದಲಾಗದೆ, ಆ ಕ್ಷಣದ ಅನಂತರ ಬಂದರೆ ತಪ್ಪು. ಇಂಥಲ್ಲಿ ಕಾಲವು ಉತ್ತರದ ಗುಣವಲ್ಲ, ಉತ್ತರದ ಒಂದು ಭಾಗ.

ಶಿಷ್ಯೆ — ಹಾಗಿದ್ದರೆ ಪರಿಹಾರ ಸುಲಭವಾಗಬೇಕಲ್ಲ? ಇನ್ನೂ ವೇಗದ ಪ್ರೊಸೆಸರನ್ನು ಕೊಂಡು ಹಾಕಿದರಾಯಿತು.

ಗುರು — ವೇಗ ಬೇರೆ, ಸಮಯಪಾಲನೆ ಬೇರೆ. ಈಗಿನ ಪ್ರೊಸೆಸರುಗಳು ವೇಗವನ್ನು ಗಳಿಸಿರುವುದೇ ಊಹೆಯ ಮೇಲೆ. ಮುಂದೆ ಬೇಕಾಗಬಹುದಾದ ಸಂಖ್ಯೆಯನ್ನು ಮೊದಲೇ ಹತ್ತಿರದ ಸ್ಮೃತಿಗೆ ತಂದಿಟ್ಟುಕೊಳ್ಳುತ್ತವೆ. ಕವಲೊಡೆಯುವಲ್ಲಿ ಯಾವ ಕವಲನ್ನು ಹಿಡಿಯಬೇಕಾದೀತೆಂದು ತರ್ಕಿಸಿ ಮುನ್ನಡೆಯುತ್ತವೆ. ಊಹೆ ಫಲಿಸಿದರೆ ಕ್ಷಣಾರ್ಧದ ಕೆಲಸ, ಫಲಿಸದಿದ್ದರೆ ಹಲವು ಪಟ್ಟು ವಿಳಂಬ. ಸರಾಸರಿಯನ್ನು ತೆಗೆದರೆ ಅದ್ಭುತವಾದ ವೇಗ. ಆದರೆ ಮಳೆಯಲ್ಲಿ ಬ್ರೇಕು ಹಾಕಿದವನಿಗೆ ಸರಾಸರಿಯಿಂದ ಪ್ರಯೋಜನವಿಲ್ಲ. ಅತ್ಯಂತ ಕೆಟ್ಟ ಸಂದರ್ಭದಲ್ಲಿ ಎಷ್ಟು ಹೊತ್ತು ಹಿಡಿದೀತೆಂಬುದೊಂದೇ ಅವನ ಪಾಲಿಗೆ ಬರುವ ಸಂಖ್ಯೆ. ಆ ಸಂಖ್ಯೆಯನ್ನು ನಿಶ್ಚಯವಾಗಿ ಹೇಳುವುದು ಪ್ರೊಸೆಸರು ಜಾಣವಾದಷ್ಟೂ ಕಠಿನವಾಗುತ್ತದೆ.

ಶಿಷ್ಯೆ — ತಾವು ಹೇಳುವುದನ್ನು ಕೇಳಿ ಮಂಗಳಗ್ರಹಕ್ಕೆ ಹೋದ ಪಾಥ್‌ಫೈಂಡರ್ ನೌಕೆಯ ವೃತ್ತಾಂತ ನೆನಪಿಗೆ ಬರುತ್ತದೆ. 1997ರ ಜುಲೈ 4ರಂದು ಅದು ಕ್ಷೇಮವಾಗಿ ಇಳಿಯಿತು. ಆಮೇಲೆ ಅದರ ಗಣಕ ಮತ್ತೆ ಮತ್ತೆ ತನ್ನಷ್ಟಕ್ಕೆ ತಾನೇ ನಿಂತು ಹೊಸದಾಗಿ ಆರಂಭವಾಗತೊಡಗಿತು. ಹವೆಯ ಮಾಹಿತಿಯನ್ನು ಕೂಡಿಸುವ ಒಂದು ಕೆಳದರ್ಜೆಯ ಕೆಲಸವು, ಎಲ್ಲರೂ ಬಳಸುವ ಒಂದು ಸಾಧನದ ಬೀಗವನ್ನು ಹಿಡಿದುಕೊಂಡಿರುವಾಗಲೇ, ಮಧ್ಯಮದರ್ಜೆಯ ಸಂವಹನದ ಕೆಲಸ ಬಂದು ಅದನ್ನು ಬದಿಗೊತ್ತುತ್ತಿತ್ತು. ಆ ಬೀಗಕ್ಕಾಗಿ ಕಾದಿದ್ದ ಅತ್ಯುಚ್ಚ ದರ್ಜೆಯ ಕೆಲಸ ಕಾಯುತ್ತಲೇ ಉಳಿಯುತ್ತಿತ್ತು. ಮುಗಿಯಬೇಕಾದ ಕೆಲಸ ಹೊತ್ತಿಗೆ ಮುಗಿಯಲಿಲ್ಲವೆಂದು ಕಂಡ ಕಾವಲಿನ ವ್ಯವಸ್ಥೆಯು ಇಡೀ ಗಣಕವನ್ನೇ ಪುನಃ ಆರಂಭಿಸುತ್ತಿತ್ತು. ಮೂರು ಕೆಲಸಗಳನ್ನೂ ಬೇರೆಬೇರೆಯಾಗಿ ನೋಡಿದರೆ ಒಂದರಲ್ಲಿಯೂ ತಪ್ಪಿರಲಿಲ್ಲ. ಭೂಮಿಯ ಮೇಲಿದ್ದ ಪ್ರತಿರೂಪದಲ್ಲಿ ಅದೇ ತೊಂದರೆಯನ್ನು ಬರಿಸಿ ಕಂಡುಕೊಂಡು, ಬೀಗ ಹಿಡಿದವನಿಗೆ ಕಾಯುತ್ತಿರುವವನ ದರ್ಜೆಯನ್ನು ತಾತ್ಕಾಲಿಕವಾಗಿ ಕೊಡುವ ತಿದ್ದುಪಡಿಯನ್ನು ಮಂಗಳಕ್ಕೆ ಕಳುಹಿಸಿದರು. ಆ ಉಪಾಯವಾದರೋ ವಿದ್ವತ್ಪತ್ರಿಕೆಯಲ್ಲಿ 1990ರಲ್ಲಿಯೇ ಪ್ರಕಟವಾಗಿತ್ತು.

ಗುರು — ಒಳ್ಳೆಯ ಉದಾಹರಣೆ. ಅಲ್ಲಿ ಪುಣ್ಯವಶಾತ್ ನೌಕೆ ನೆಲದ ಮೇಲೆ ಸುಮ್ಮನೆ ನಿಂತಿತ್ತು, ಪರಿಶೀಲಿಸಲು ಅವಕಾಶವಿತ್ತು. ಆದರೂ ಅದು ಗಣಕದ ಅಂತಃಪುರದೊಳಗಿನ ಕಲಹ. ಅದನ್ನು ನಿನ್ನ ಶಾಸ್ತ್ರವೇ ಬಗೆಹರಿಸೀತು. ನನ್ನನ್ನು ಇದಕ್ಕಿಂತ ಹೆಚ್ಚಾಗಿ ಕಾಡುವುದು ಗಣಕಕ್ಕೂ ಲೋಕಕ್ಕೂ ನಡುವಣ ಹೊಸ್ತಿಲು. ನಿನ್ನ ಬ್ರೇಕಿನ ಪ್ರೋಗ್ರಾಮಿಗೆ ಕಾರಿನ ವೇಗ ಹೇಗೆ ತಿಳಿಯುತ್ತದೆ?

ಶಿಷ್ಯೆ — ಪ್ರತಿಯೊಂದು ಚಕ್ರದ ಗುಂಬದ ಬಳಿ ಒಂದು ಹಲ್ಲಿನ ಉಂಗುರವಿದೆ. ಹಲ್ಲೊಂದು ಸೆನ್ಸರಿನ ಮುಂದೆ ಹಾದಾಗ ಒಂದು ವಿದ್ಯುತ್ಸ್ಪಂದನ ಬರುತ್ತದೆ. ಸ್ಪಂದನಗಳ ನಡುವಣ ಅವಕಾಶವನ್ನು ಅಳೆದು ಚಕ್ರದ ವೇಗವನ್ನೂ, ಅದರಿಂದ ಕಾರಿನ ವೇಗವನ್ನೂ ಲೆಕ್ಕ ಹಾಕುತ್ತೇವೆ.

ಗುರು — ಎಂದರೆ, ಕಾರಿನ ವೇಗವನ್ನು ನೀನು ಅಳೆಯುವುದಿಲ್ಲ; ಚಕ್ರ ಜಾರುತ್ತಿಲ್ಲವೆಂದು ನಂಬಿ ಊಹಿಸುತ್ತೀಯೆ. ಆದರೆ ನಿನ್ನ ಪ್ರೋಗ್ರಾಂ ಇರುವುದೇ ಚಕ್ರ ಜಾರುವ ಸಂದರ್ಭಕ್ಕಾಗಿ. ನಾಲ್ಕು ಚಕ್ರಗಳೂ ಒಟ್ಟಿಗೆ ಜಾರಿದಾಗ, ಉಂಗುರಗಳು ಹೇಳುವ ವೇಗ ಯಾವುದರ ವೇಗ? ಕಾರು ನಿಧಾನವಾಗಿ ಚಲಿಸುವಾಗ ಹಲ್ಲುಗಳು ವಿರಳವಾಗಿ ಬರುವುದರಿಂದ, ಮುಂದಿನ ಸ್ಪಂದನ ತಡವಾಗಿದೆಯೋ, ಚಕ್ರ ನಿಂತೇ ಹೋಗಿದೆಯೋ ಎಂಬುದು ಸ್ವಲ್ಪ ಹೊತ್ತು ನಿನಗೆ ತಿಳಿಯುವುದೂ ಇಲ್ಲ. ನಿನ್ನ ಪ್ರೋಗ್ರಾಮಿನಲ್ಲಿ ‘ವೇಗ’ವೆಂದು ಹೆಸರು ಹೊತ್ತಿರುವ ಸಂಖ್ಯೆ ವೇಗವಲ್ಲ, ವೇಗದ ಕುರಿತು ಲೋಹದ ಒಂದು ಉಂಗುರ ಕೊಟ್ಟ ಸಾಕ್ಷ್ಯ. ಸಾಕ್ಷ್ಯವನ್ನು ಸತ್ಯವೆಂದು ಭಾವಿಸಿದರೆ ಏನಾಗುವುದೆಂಬುದಕ್ಕೆ ವಾರ್ಸಾದ ವಿಮಾನಾಪಘಾತವನ್ನು ನೀನು ಓದಬೇಕು.

ಶಿಷ್ಯೆ — ಅದನ್ನು ತಾವೇ ವಿವರಿಸಬೇಕು.

ಗುರು — 1993ರ ಸೆಪ್ಟೆಂಬರ್ 14. ಫ್ರಾಂಕ್‌ಫರ್ಟಿನಿಂದ ಬಂದ ಏರ್‌ಬಸ್ ಎ320 ವಿಮಾನವೊಂದು ಮಳೆಯಲ್ಲಿ ವಾರ್ಸಾದ ರನ್‌ವೇಗೆ ಇಳಿಯುತ್ತಿತ್ತು. ನೆಲಕ್ಕೆ ತಾಕಿದ ಮೇಲೆ ವಿಮಾನವನ್ನು ನಿಲ್ಲಿಸುವ ಉಪಾಯಗಳು ಮೂರು: ರೆಕ್ಕೆಯ ಮೇಲೆ ಎದ್ದು ನಿಂತು ಮೇಲೆತ್ತುವ ಬಲವನ್ನು ಕೆಡಿಸುವ ಸ್ಪಾಯ್ಲರ್ ಫಲಕಗಳು, ಎಂಜಿನ್ನಿನ ಹಿಮ್ಮುಖ ನೂಕುಬಲ, ಚಕ್ರಗಳ ಬ್ರೇಕು. ಮೊದಲಿನೆರಡು ಉಪಾಯಗಳು ಆಕಾಶದಲ್ಲಿರುವಾಗ ಪೂರ್ತಿಯಾಗಿ ಪ್ರಯೋಗವಾದರೆ ಸರ್ವನಾಶವಾಗಬಹುದು. ಇದು ಕೇವಲ ಶಂಕೆಯಲ್ಲ. ಅದಕ್ಕೆ ಎರಡು ವರ್ಷ ಹಿಂದೆ, 1991ರ ಮೇ 26ರಂದು, ಥಾಯ್ಲೆಂಡಿನ ಮೇಲೆ ಲೌಡಾ ಏರ್ ಸಂಸ್ಥೆಯ ಬೋಯಿಂಗ್ 767 ವಿಮಾನದ ಒಂದು ಎಂಜಿನ್ನಿನ ಹಿಮ್ಮುಖ ನೂಕುಬಲದ ಸಾಧನ ನಡುಹಾರಾಟದಲ್ಲಿ ತೆರೆದುಕೊಂಡು 223 ಮಂದಿ ಪ್ರಾಣ ಕಳೆದುಕೊಂಡಿದ್ದರು. ಇಂಥ ಅಪಾಯವನ್ನು ತಡೆಯಲೆಂದೇ, ವಿಮಾನ ನೆಲದ ಮೇಲಿದೆಯೆಂದು ಖಚಿತವಾಗುವವರೆಗೆ, ಚಾಲಕ ಎಷ್ಟು ಬಯಸಿದರೂ ಈ ಉಪಾಯಗಳಿಗೆ ಅಪ್ಪಣೆ ಕೊಡಕೂಡದೆಂಬ ನಿಯಮವನ್ನು ನಿರ್ಮಾಪಕರು ಪ್ರೋಗ್ರಾಮಿನಲ್ಲಿ ಇಟ್ಟಿದ್ದರು. ನೀನೇ ಅಲ್ಲಿದ್ದರೂ ಇಡುತ್ತಿದ್ದೆ, ನಾನಿದ್ದರೂ ಇಡುತ್ತಿದ್ದೆ. ಆದರೆ ನೆಲ ಸಿಕ್ಕಿತೆಂದು ಯಂತ್ರಕ್ಕೆ ತಿಳಿಯುವುದು ಹೇಗೆ?

ಶಿಷ್ಯೆ — ಚಕ್ರದ ಕಾಲುಗಳ ಮೇಲೆ ಭಾರ ಬಿದ್ದಾಗ.

ಗುರು — ಹಾಗೆಯೇ ಅವರೂ ಯೋಚಿಸಿದರು. ಎಡಬಲದ ಮುಖ್ಯ ಕಾಲುಗಳೆರಡರ ಮೇಲೂ ತಲಾ 6.3 ಟನ್ನಿಗಿಂತ ಹೆಚ್ಚು ಭಾರ ಬಿದ್ದಿರಬೇಕು. ಸ್ಪಾಯ್ಲರುಗಳ ಮಟ್ಟಿಗೆ ಅದಿಲ್ಲದಿದ್ದರೂ ಚಕ್ರಗಳು 72 ನಾಟ್, ಎಂದರೆ ಗಂಟೆಗೆ 133 ಕಿಲೋಮೀಟರಿಗೆ ಮೀರಿದ ವೇಗದಲ್ಲಿ ಉರುಳುತ್ತಿದ್ದರೆ ಸಾಕು. ಆ ದಿನ ಬಿರುಗಾಳಿಯ ಸೂಚನೆಯಿದ್ದುದರಿಂದ ಚಾಲಕರು ಅಡ್ಡಗಾಳಿಗೆ ತಕ್ಕಂತೆ ವಿಮಾನವನ್ನು ಸ್ವಲ್ಪ ಓರೆಮಾಡಿ, ವೇಗವನ್ನು ಸ್ವಲ್ಪ ಹೆಚ್ಚಿಟ್ಟು ಇಳಿಸಿದರು; ಗಾಳಿಯಾದರೋ ಅಷ್ಟರಲ್ಲಿ ಹಿಂದಿನಿಂದ ಬೀಸತೊಡಗಿತ್ತು. ಬಲಗಾಲು ಮೊದಲು ನೆಲಕ್ಕೆ ತಾಕಿತು. ಎಡಗಾಲು ತಾಕಿದ್ದು ಸುಮಾರು ಒಂಬತ್ತು ಸೆಕೆಂಡುಗಳ ಅನಂತರ. ನೆಲದ ಮೇಲೆ ನಿಂತ ನೀರಿನ ಪೊರೆಯ ಮೇಲೆ ಚಕ್ರಗಳು ಉರುಳದೆ ತೇಲಿದ್ದರಿಂದ ಎರಡನೆಯ ಸಾಕ್ಷ್ಯವೂ ಸಿಗಲಿಲ್ಲ. ವಿಮಾನ ನೆಲದ ಮೇಲೆ ಧಾವಿಸುತ್ತಿದೆ, ಒಳಗಿರುವ ಮನುಷ್ಯರೆಲ್ಲರಿಗೂ ಅದು ತಿಳಿದಿದೆ, ಗಣಕಕ್ಕೆ ಮಾತ್ರ ಅದಿನ್ನೂ ಆಕಾಶದಲ್ಲಿದೆ. 2,800 ಮೀಟರ್ ಉದ್ದದ ರನ್‌ವೇಯಲ್ಲಿ 1,500 ಮೀಟರಿಗೂ ಹೆಚ್ಚು ಕಳೆದ ಮೇಲೆ ಅಪ್ಪಣೆ ದೊರೆಯಿತು. ವಿಮಾನ ರನ್‌ವೇಯನ್ನು ದಾಟಿ ಮಣ್ಣಿನ ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. 70 ಮಂದಿಯಲ್ಲಿ ಇಬ್ಬರು ತೀರಿಕೊಂಡರು.

ಶಿಷ್ಯೆ — ಪ್ರೋಗ್ರಾಂ ತನಗೆ ಹೇಳಿದಂತೆಯೇ ನಡೆಯಿತಲ್ಲ!

ಗುರು — ಅಕ್ಷರಶಃ ಹಾಗೆಯೇ ನಡೆಯಿತು. ನಿಮ್ಮ ಗಣಿತದ ರೀತಿಯಿಂದ ಪರೀಕ್ಷಿಸಿದ್ದರೆ ಆ ಪ್ರೋಗ್ರಾಂ ನಿರ್ದೋಷವೆಂದು ಸಿದ್ಧವಾಗುತ್ತಿತ್ತು. ‘ನೆಲದ ಮೇಲಿರುವುದು’ ಎಂಬ ಲೋಕದ ಸ್ಥಿತಿಗೂ ‘ಎರಡು ಕಾಲುಗಳ ಮೇಲೆ ಇಷ್ಟು ಭಾರ’ ಎಂಬ ಅಳತೆಗೂ ನಡುವೆ ಒಂದು ಕಂದಕವಿದೆ. ಒಣ ನೆಲದ ಮೇಲೆ, ಸಮವಾಗಿ ಇಳಿದಾಗ ಆ ಕಂದಕ ಕಣ್ಣಿಗೆ ಬೀಳುವುದಿಲ್ಲ. ಹಾಗೆಂದು ನಿಯಮವನ್ನು ಸಡಿಲಿಸಿದರೆ ಥಾಯ್ಲೆಂಡಿನ ಭಯ ಹತ್ತಿರವಾಗುತ್ತದೆ. ಇಂಥ ಎರಡು ಭಯಗಳ ನಡುವೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಗಣಕವಿಜ್ಞಾನದ ಪ್ರಶ್ನೆಯೂ ಅಲ್ಲ, ಯಂತ್ರಶಾಸ್ತ್ರದ ಪ್ರಶ್ನೆಯೂ ಅಲ್ಲ. ಮಳೆನೀರು, ರಬ್ಬರು, ಗಾಳಿ, ಚಾಲಕನ ಅಭ್ಯಾಸ, ಇವೆಲ್ಲವನ್ನೂ ಒಟ್ಟಿಗೆ ತಿಳಿದವನು ಉತ್ತರಿಸಬೇಕಾದದ್ದು.

ಶಿಷ್ಯೆ — ಅಷ್ಟನ್ನೂ ತಿಳಿದವನು ಎಲ್ಲಿ ಸಿಕ್ಕಾನು? ಆದ್ದರಿಂದಲೇ ಅಲ್ಲವೆ, ಒಮ್ಮೆ ಚೆನ್ನಾಗಿ ನಡೆದು ಅನುಭವದಿಂದ ಪಕ್ವವಾದ ಪ್ರೋಗ್ರಾಮನ್ನೇ ಮುಂದಿನ ಯಂತ್ರಕ್ಕೂ ಬಳಸಿಕೊಳ್ಳಬೇಕೆಂದು ನಮ್ಮವರು ಹೇಳುವುದು?

ಗುರು — ಯುರೋಪಿನವರ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟದಲ್ಲಿ ಅದನ್ನೇ ಮಾಡಿದರು. ದಿಕ್ಕನ್ನು ತಿಳಿಸುವ ಉಪಕರಣದ ಪ್ರೋಗ್ರಾಂ ಏರಿಯಾನ್ 4ರಲ್ಲಿ ಸೊಗಸಾಗಿ ನಡೆದಿತ್ತು. ಅದನ್ನೇ ತಂದು ಕೂಡಿಸಿದರು. ಹೊಸ ರಾಕೆಟ್ಟು ಏರುವಾಗ ಅಡ್ಡದಿಕ್ಕಿನ ವೇಗವನ್ನು ಹಳೆಯದಕ್ಕಿಂತ ಬಹಳ ಬೇಗ ಪಡೆಯುತ್ತದೆ. ಆ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು 64 ಬಿಟ್ಟಿನ ರೂಪದಿಂದ 16 ಬಿಟ್ಟಿನ ರೂಪಕ್ಕೆ ಇಳಿಸುವ ಸಾಲೊಂದು ಪ್ರೋಗ್ರಾಮಿನಲ್ಲಿತ್ತು. ಧನಋಣ ಚಿಹ್ನೆಯೂ ಸೇರಿದಂತೆ 16 ಬಿಟ್ಟಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಹಳೆಯ ರಾಕೆಟ್ಟಿನ ಪಥದಲ್ಲಿ ಆ ಮೇರೆಯನ್ನು ಮುಟ್ಟುವುದು ಸಾಧ್ಯವೇ ಇರಲಿಲ್ಲವಾದ್ದರಿಂದ ಕಾವಲನ್ನು ಇಟ್ಟಿರಲಿಲ್ಲ. 1996ರ ಜೂನ್ 4ರಂದು, ಎಂಜಿನ್ ಹೊತ್ತಿದ 40 ಸೆಕೆಂಡಿನೊಳಗೆ ಸಂಖ್ಯೆ ಮೇರೆ ಮೀರಿತು. ಉಪಕರಣ ತಾನು ಕೆಟ್ಟೆನೆಂದು ಸಾರಿ ನಿಂತುಹೋಯಿತು. ನಿಲ್ಲುವಾಗ ಅದು ಕಳುಹಿಸಿದ ದೋಷಸೂಚನೆಯ ಅಂಕಿಗಳನ್ನು ಮುಖ್ಯ ಗಣಕ ಹಾರಾಟದ ಮಾಹಿತಿಯೆಂದೇ ತಿಳಿದು ಎಂಜಿನ್ನಿನ ಬಾಯಿಗಳನ್ನು ಪೂರ್ತಿ ವಾಲಿಸಿತು. ನಾಲ್ಕು ಉಪಗ್ರಹಗಳೊಡನೆ ರಾಕೆಟ್ಟು ಛಿದ್ರವಾಯಿತು. ಎಲ್ಲಕ್ಕಿಂತ ಮನಸ್ಸನ್ನು ನೋಯಿಸುವ ಸಂಗತಿಯೆಂದರೆ, ಆ ಲೆಕ್ಕ ರಾಕೆಟ್ಟು ನೆಲಬಿಟ್ಟ ಮೇಲೆ ಯಾವ ಪ್ರಯೋಜನಕ್ಕೂ ಇರಲಿಲ್ಲ. ಹಳೆಯ ರಾಕೆಟ್ಟಿನ ಒಂದು ಅನುಕೂಲಕ್ಕಾಗಿ ಅದು ಆಮೇಲೆಯೂ ಸ್ವಲ್ಪ ಹೊತ್ತು ನಡೆಯುತ್ತಿರಲೆಂದು ಬಿಟ್ಟಿದ್ದರು.

ಶಿಷ್ಯೆ — ಆದರೆ ಅಂಥ ಉಪಕರಣ ಎರಡಿದ್ದುವಲ್ಲವೆ? ಒಂದು ಕೆಟ್ಟರೆ ಇನ್ನೊಂದು ಇರಲೆಂದಲ್ಲವೆ?

ಗುರು — ಎರಡಿದ್ದವು. ಒಂದರ ಹಿಂದೆ ಒಂದರಂತೆ ಸೆಕೆಂಡಿನ ಹತ್ತರಲ್ಲೊಂದು ಭಾಗದೊಳಗೆ, ಒಂದೇ ಕಾರಣದಿಂದ, ಎರಡೂ ನಿಂತವು. ಇದನ್ನು ನೀನು ನಿಧಾನವಾಗಿ ಯೋಚಿಸಬೇಕು. ಲೋಹದ ಭಾಗಗಳು ಕೆಡುವುದು ಸವೆತದಿಂದ, ಬಿರುಕಿನಿಂದ, ತಯಾರಿಕೆಯ ಏರುಪೇರಿನಿಂದ. ಎರಡು ಬೋಲ್ಟುಗಳು ಒಂದೇ ಕ್ಷಣದಲ್ಲಿ ಮುರಿಯುವುದು ಅಪರೂಪ. ಆದ್ದರಿಂದ ಒಂದಕ್ಕೆ ಎರಡಿಟ್ಟು ನೆಮ್ಮದಿಯಾಗಿರುವ ಪದ್ಧತಿ ನಮ್ಮಲ್ಲಿ ಬೆಳೆಯಿತು. ಪ್ರೋಗ್ರಾಂ ಸವೆಯುವುದಿಲ್ಲ. ಅದರ ದೋಷ ಹುಟ್ಟಿನಿಂದ ಬಂದದ್ದು. ಎಷ್ಟು ಪ್ರತಿ ಮಾಡಿದರೂ ಅಷ್ಟರಲ್ಲಿಯೂ ಅದೇ ದೋಷ. ಇನ್ನೂ ಒಂದು ಭೇದವಿದೆ. ಉಕ್ಕಿನ ತೊಲೆಯ ಮೇಲೆ ಲೆಕ್ಕಕ್ಕಿಂತ ತುಸು ಹೆಚ್ಚು ಭಾರ ಹೊರಿಸಿದರೆ ಅದು ತುಸು ಹೆಚ್ಚು ಬಾಗುತ್ತದೆ. ಬಾಗಿದ್ದನ್ನು ನೋಡಿ ನಾವು ಎಚ್ಚರಗೊಳ್ಳಬಹುದು. 32,767 ತನಕ ಏನೂ ಆಗದೆ, ಅದಕ್ಕೆ ಒಂದು ಸೇರಿದೊಡನೆ ಎಲ್ಲವೂ ಮುಗಿಯುವಂಥ ನಡತೆ ಲೋಹದ್ದಲ್ಲ, ಲೆಕ್ಕದ್ದು. ನಮ್ಮ ಎಂಜಿನಿಯರುಗಳ ಅಂತಃಪ್ರಜ್ಞೆಯೆಲ್ಲ ತೊಲೆಯಿಂದ ಕಲಿತದ್ದು, ನಿಮ್ಮವರದು ಸಂಖ್ಯೆಯಿಂದ. ಎರಡನ್ನೂ ಒಂದು ಯಂತ್ರದಲ್ಲಿ ಬೆಸೆದಾಗ, ಒಬ್ಬೊಬ್ಬರ ಅಂತಃಪ್ರಜ್ಞೆಯೂ ಇನ್ನೊಬ್ಬರ ಭಾಗದಲ್ಲಿ ಮೋಸಹೋಗುತ್ತದೆ.

ಶಿಷ್ಯೆ — ಹಾಗಾದರೆ ಏರಿಯಾನ್ 4ರಲ್ಲಿದ್ದಾಗ ಆ ಪ್ರೋಗ್ರಾಂ ಸರಿ, ಏರಿಯಾನ್ 5ರಲ್ಲಿ ಅದೇ ತಪ್ಪು. ಪ್ರೋಗ್ರಾಮಿಗೆ ಸ್ವತಃ ಸರಿತಪ್ಪುಗಳೇ ಇಲ್ಲವೆನ್ನುವಿರಾ?

ಗುರು — ಲೋಕವನ್ನು ಮುಟ್ಟುವ ಪ್ರೋಗ್ರಾಮಿಗೆ ಇಲ್ಲವೆಂದೇ ನನ್ನ ಅಭಿಪ್ರಾಯ. ಅದು ಸರಿಯೋ ತಪ್ಪೋ ಆಗುವುದು ಒಂದು ದೇಹದೊಡನೆ ಕೂಡಿದಾಗ. ಆ ದೇಹದ ಭಾರ, ವೇಗ, ಬಿಸಿ, ಅದು ಚಲಿಸುವ ನೆಲ, ಇವುಗಳ ವಿಷಯದಲ್ಲಿ ಬರೆದವನು ಮನಸ್ಸಿನಲ್ಲಿ ಒಪ್ಪಿಕೊಂಡ ಗ್ರಹಿಕೆಗಳಿರುತ್ತವಲ್ಲ, ಅವು ಪ್ರೋಗ್ರಾಮಿನ ಯಾವ ಸಾಲಿನಲ್ಲಿಯೂ ಇರುವುದಿಲ್ಲ. ಪ್ರತಿ ಮಾಡುವಾಗ ಅವು ಹಿಂದೆಯೇ ಉಳಿಯುತ್ತವೆ. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ಕಿರಣಚಿಕಿತ್ಸೆಯ ಯಂತ್ರದಲ್ಲಿ ಆದದ್ದೂ ಇಂಥದೇ. ಹಿಂದಿನ ಮಾದರಿಯಲ್ಲಿ ಅತಿಕಿರಣವನ್ನು ತಡೆಯಲು ಪ್ರೋಗ್ರಾಮಿನಿಂದ ಸ್ವತಂತ್ರವಾದ ವಿದ್ಯುತ್-ಯಾಂತ್ರಿಕ ತಡೆಗಳಿದ್ದವು; ಹೊಸದರಲ್ಲಿ ಅವನ್ನು ತೆಗೆದು ಆ ಹೊಣೆಯನ್ನು ಪ್ರೋಗ್ರಾಮಿಗೆ ಒಪ್ಪಿಸಿದರು. 1985ರಿಂದ 1987ರೊಳಗೆ ಆರು ಮಂದಿ ರೋಗಿಗಳಿಗೆ ಮಿತಿಮೀರಿದ ಕಿರಣ ತಗಲಿತು. ಕೆಲವರು ಅದರಿಂದಲೇ ಸತ್ತರು. ಆಮೇಲೆ ನೋಡಿದರೆ, ಪ್ರೋಗ್ರಾಮಿನ ಒಂದು ದೋಷ ಹಳೆಯ ಮಾದರಿಯಲ್ಲಿಯೂ ಇತ್ತು. ಅಲ್ಲಿ ಅದು ಫ್ಯೂಸು ಸುಡುವುದರಲ್ಲಿ ಮುಗಿಯುತ್ತಿತ್ತು.

ಶಿಷ್ಯೆ — ಎಲ್ಲ ಗ್ರಹಿಕೆಗಳನ್ನೂ ಬರೆದಿಟ್ಟರೆ ಸಾಕಾಗುವುದೆ, ಮೇಷ್ಟ್ರೇ? ಬರೆಯುವವನಿಗೆ ತಾನು ಒಪ್ಪಿಕೊಂಡಿದ್ದೇನೆಂಬ ಅರಿವೇ ಇಲ್ಲದ ಗ್ರಹಿಕೆಗಳಿಗೆ ಏನು ಗತಿ? ಪರೀಕ್ಷೆಯೊಂದೇ ದಾರಿಯೆಂದರೆ, ಚಂದ್ರನ ಮೇಲೆ ಇಳಿಯುವ ಯಂತ್ರವನ್ನು ಎಲ್ಲಿ ಪರೀಕ್ಷಿಸುವುದು?

ಗುರು — ಚಳ್ಳಕೆರೆಯಲ್ಲಿ! ಚಿತ್ರದುರ್ಗ ಜಿಲ್ಲೆಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಕುಳಿಗಳನ್ನು ಹೋಲುವ ಕುಳಿಗಳನ್ನು ತೋಡಿಸಿ, ಮೇಲಿನಿಂದ ಹಾರಿ, ಇಳಿಯುವ ನೌಕೆಯ ಸೆನ್ಸರುಗಳಿಗೆ ಅವು ಹೇಗೆ ಕಾಣುತ್ತವೆಂದು ನೋಡಿದರು. ಚಂದ್ರಯಾನ-3ಕ್ಕಾಗಿ ಸೆನ್ಸರುಗಳನ್ನೂ ಪಥನಿರ್ಣಯವನ್ನೂ ಹೆಲಿಕಾಪ್ಟರಿಗೆ ಕಟ್ಟಿ ಪರೀಕ್ಷಿಸಿದರು. ಎಂಜಿನ್ನು, ಸೆನ್ಸರು, ನಿಯಂತ್ರಣ ಮೂರನ್ನೂ ಕೂಡಿಸಿ ಎತ್ತರದ ಕ್ರೇನಿಗೆ ತೂಗುಹಾಕಿ ನಡೆಸಿದರು. ಕಾಲುಗಳನ್ನು ಚಂದ್ರನ ಮಣ್ಣನ್ನು ಹೋಲುವ ಹಾಸಿನ ಮೇಲೆ ಇಳಿಸಿದರು. ಆದರೆ ಚಂದ್ರನ ಆರರಲ್ಲೊಂದು ಪಾಲಿನ ಗುರುತ್ವ, ಗಾಳಿಯಿಲ್ಲದ ಬಯಲು, ನಿಜವಾದ ಎತ್ತರ, ಎಲ್ಲ ಒಟ್ಟಿಗಿರುವ ಪರೀಕ್ಷೆ ಭೂಮಿಯಲ್ಲಿ ಸಾಧ್ಯವೇ ಇಲ್ಲ. ಬಿಡಿಬಿಡಿಯಾಗಿ ಸಿದ್ಧವಾದದ್ದು ಒಟ್ಟಿಗೆ ಹೇಗೆ ನಡೆದೀತೆಂಬುದು ಕಡೆಯ ದಿನದವರೆಗೂ ಲೆಕ್ಕದ ಮೇಲಿನ ನಂಬಿಕೆ. ಬೆಂಗಳೂರಿನಲ್ಲಿ ಕುಳಿತು ತಿದ್ದುವಂತೆಯೂ ಇಲ್ಲ. ಸಂಕೇತ ಒಂದು ಕಡೆಗೆ ಹೋಗಲು ಒಂದೂಕಾಲು ಸೆಕೆಂಡಿಗೂ ಹೆಚ್ಚು ಹಿಡಿಯುವುದರಿಂದ ಇಳಿತದ ತೀರ್ಮಾನಗಳೆಲ್ಲ ನೌಕೆಯವೇ.

ಶಿಷ್ಯೆ — 2019ರ ಸೆಪ್ಟೆಂಬರಿನಲ್ಲಿ ಚಂದ್ರನ ಮೇಲೆ ಇಳಿಯಹೋದ ಮೊದಲನೆಯ ವಿಕ್ರಮ್ ನೌಕೆ ಏಕೆ ಸೋತಿತು?

ಗುರು — ಇಸ್ರೋದ ಅಧ್ಯಕ್ಷರಾಗಿದ್ದ ಸೋಮನಾಥ್ ಅವರು ಆಮೇಲೆ ಬಹಳ ನೇರವಾಗಿ ವಿವರಿಸಿದ್ದಾರೆ. ಎಂಜಿನ್ನುಗಳು ನಿರೀಕ್ಷೆಗಿಂತ ತುಸು ಹೆಚ್ಚು ಬಲವನ್ನು ಕೊಟ್ಟವು. ಚಿತ್ರ ತೆಗೆಯುವುದಕ್ಕಾಗಿ ನೌಕೆ ಅಲುಗದೆ ಇರಬೇಕಾಗಿದ್ದ ಒಂದು ಹಂತದಲ್ಲಿ ತಪ್ಪುಗಳನ್ನು ಒಡನೊಡನೆ ತಿದ್ದಿಕೊಳ್ಳಲಾಗದೆ ಅವು ಕೂಡುತ್ತ ಹೋದವು. ಅನಂತರ ತಿದ್ದಿಕೊಳ್ಳಲು ನೌಕೆ ರಭಸದಿಂದ ತಿರುಗಬೇಕಾಯಿತು. ಅಷ್ಟು ರಭಸ ಬೇಕಾದೀತೆಂದು ಯಾರೂ ಎಣಿಸದೆ ಇದ್ದುದರಿಂದ ಪ್ರೋಗ್ರಾಮಿನಲ್ಲಿ ಅದಕ್ಕೊಂದು ಮಿತಿಯಿತ್ತು. ಇಳಿಯಬೇಕಾದ ಜಾಗವೋ 500 ಮೀಟರ್ ಉದ್ದಗಲದ ಒಂದು ಚೌಕ; ಅಲ್ಲಿಗೇ ಮುಟ್ಟಬೇಕೆಂಬ ಹಟದಿಂದ ನೌಕೆ ನೆಲ ಹತ್ತಿರವಾದರೂ ಮುಂದಕ್ಕೆ ವೇಗವನ್ನು ಕೂಡಿಸಿಕೊಳ್ಳುತ್ತಲೇ ಇತ್ತು. ಪ್ರತಿಯೊಂದು ನಿಯಮವೂ ತನ್ನ ಮಟ್ಟಿಗೆ ಯುಕ್ತವಾದದ್ದೇ.

ಶಿಷ್ಯೆ — ಎರಡನೆಯ ಸಲ ಲೆಕ್ಕವನ್ನು ಇನ್ನೂ ಸೂಕ್ಷ್ಮಮಾಡಿದರೇನು?

ಗುರು — ಲೆಕ್ಕವನ್ನು ತಿದ್ದಿದರು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣವನ್ನೂ ಸೇರಿಸಿದರು. ಆದರೆ ನನ್ನ ಮೆಚ್ಚುಗೆಗೆ ಪಾತ್ರವಾದದ್ದು ಇನ್ನೊಂದು. ಏನೇನು ಕೆಡಬಹುದು, ಕೆಟ್ಟರೂ ಇಳಿಯುವುದು ಹೇಗೆ ಎಂಬಲ್ಲಿಂದ ಯೋಚನೆಯನ್ನು ಆರಂಭಿಸಿದರು. ಇಳಿಯುವ ಜಾಗವನ್ನು ಸುಮಾರು ನಾಲ್ಕು ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಇಂಧನವನ್ನು ಹೆಚ್ಚಿಸಿದರು. ಸೆಕೆಂಡಿಗೆ ಎರಡು ಮೀಟರಿನ ಬದಲು ಮೂರು ಮೀಟರ್ ವೇಗದಲ್ಲಿ ನೆಲಕ್ಕೆ ತಾಕಿದರೂ ಮುರಿಯದಂತೆ ಕಾಲುಗಳನ್ನು ಬಲಪಡಿಸಿದರು. ಲೆಕ್ಕ ಎಂದೂ ತಪ್ಪದಂತೆ ಮಾಡುವ ಅಸಾಧ್ಯವನ್ನು ಬಯಸದೆ, ತಪ್ಪಿದ ಲೆಕ್ಕವನ್ನು ಹೊರುವ ಶಕ್ತಿಯನ್ನು ಲೋಹಕ್ಕೆ ಕೊಟ್ಟರು. 2023ರ ಆಗಸ್ಟ್ 23ರ ಸಂಜೆ ನೌಕೆ ನಿಂತಿತು.

ಶಿಷ್ಯೆ — ಆದರೆ ಬಲವಾದ ಕಾಲೆಂದರೆ ಭಾರ. ಭಾರವೆಂದರೆ ಇನ್ನಷ್ಟು ಇಂಧನ. ನಮ್ಮಲ್ಲಿಯೂ ಇದೇ ಜಗ್ಗಾಟ. ಬ್ರೇಕಿನ ಎಣ್ಣೆಯ ಕವಾಟವನ್ನು ದೊಡ್ಡದು ಮಾಡಿರೆಂದರೆ ಬೆಲೆಯೆನ್ನುತ್ತಾರೆ. ಪ್ರೋಗ್ರಾಮಿನಲ್ಲಿಯೇ ಸರಿಮಾಡು, ಅದಕ್ಕೆ ಖರ್ಚಿಲ್ಲವೆನ್ನುತ್ತಾರೆ.

ಗುರು — ಪ್ರೋಗ್ರಾಮಿಗೆ ಖರ್ಚಿಲ್ಲವೆಂಬ ಆ ನಂಬಿಕೆಯೇ ಎಲ್ಲ ಹೊಣೆಯನ್ನೂ ಅದರ ಮೇಲೆ ಹೇರಿಸುತ್ತದೆ. ನಿನಗೂ ಅವರಿಗೂ ನಡುವೆ ಮಾತುಕತೆ ಹೇಗೆ ನಡೆಯುತ್ತದೆ?

ಶಿಷ್ಯೆ — ಅವರ ವಿಭಾಗ ಬೇರೆ, ನಮ್ಮದು ಬೇರೆ. ಕವಾಟ ತೆರೆಯಲು ಎಷ್ಟು ಹೊತ್ತು, ಒತ್ತಡ ಏರಲು ಎಷ್ಟು ಹೊತ್ತು ಎಂದು ಸಂಖ್ಯೆಗಳ ಒಂದು ಪಟ್ಟಿಯನ್ನು ಕಳುಹಿಸುತ್ತಾರೆ. ಅದರ ಆಧಾರದ ಮೇಲೆ ನಾನು ಬರೆಯುತ್ತೇನೆ.

ಗುರು — ಬ್ರೇಕಿನ ಎಣ್ಣೆ ಚಳಿಯಲ್ಲಿ ಮಂದವಾಗುತ್ತದೆ. ಮಂದವಾದ ಎಣ್ಣೆ ಸಣ್ಣ ಕವಾಟದಲ್ಲಿ ನಿಧಾನವಾಗಿ ಹರಿಯುತ್ತದೆ. ಆ ಸಂಖ್ಯೆಗಳನ್ನು ಎಷ್ಟು ಉಷ್ಣತೆಯಲ್ಲಿ ಅಳೆದರೆಂದು ಪಟ್ಟಿಯಲ್ಲಿ ಬರೆದಿದೆಯೆ?

ಶಿಷ್ಯೆ — ಇಲ್ಲ.

ಗುರು — ನಿಮ್ಮ ಕಾರನ್ನು ಲೇಹ್‌ನಲ್ಲಿಯೂ ಮಾರುತ್ತಾರಷ್ಟೆ?

ಶಿಷ್ಯೆ — ಮಾರುತ್ತಾರೆ. ಸೋಮವಾರ ಬೆಳಗ್ಗೆಯೇ ಅವರ ವಿಭಾಗಕ್ಕೆ ಹೋಗಿ ಕೇಳುತ್ತೇನೆ. ಅವರ ಬಳಿ ಆ ಅಳತೆ ಇಲ್ಲದಿದ್ದರೆ, ಅಳೆಯುವಾಗ ನಾನೂ ಜೊತೆಯಲ್ಲಿರುತ್ತೇನೆಂದು ಹೇಳುತ್ತೇನೆ.